ನೀಲಿ ಪಂಪು, ನಡುಗುವ ತಟ್ಟೆ

ನನ್ನ ಜೇಬಿನಲ್ಲಿರುವ ನೀಲಿ ಪಂಪಿನ ಬಗ್ಗೆ ನನಗೆ ಇಂದಿಗೂ ಅಚ್ಚರಿ ತೀರಿಲ್ಲ. ಉಬ್ಬಸ ಹತ್ತಿ ಎದೆಯೊಳಗೆ ಬೆಕ್ಕಿನ ಮರಿ ಕೂಗತೊಡಗಿದಾಗ ಒತ್ತಿ ಎಳೆದುಕೊಂಡರೆ, ಕಾಫಿ ಆರುವುದರೊಳಗೆ ಉಸಿರು ಸರಾಗ. ಬಿಗಿದ ಶ್ವಾಸನಾಳಗಳನ್ನು ಸಡಿಲಿಸುವುದು ಅದರ ಕೆಲಸ. ಆದರೆ ಹೇಳಿದಷ್ಟು ಮಾಡಿ ಸುಮ್ಮನಿರುವ ಜಾಯಮಾನ ಅದರದಲ್ಲ. ಎದೆಯನ್ನು ಡವಡವ ಓಡಿಸುತ್ತದೆ, ಬೆರಳುಗಳನ್ನು ನಡುಗಿಸುತ್ತದೆ. ಶ್ವಾಸಕೋಶಕ್ಕೆಂದು ಬಂದ ನೆಂಟ ಕೈಬೆರಳನ್ನೇಕೆ ಮಾತಾಡಿಸಬೇಕು ಎಂದು ಡಾಕ್ಟರನ್ನು ಕೇಳಿದೆ. "ಕೈಯ ಸ್ನಾಯುಗಳಿಗೂ ಅದರ ಪರಿಚಯ ಇದೆ ಸಾರ್. ಸ್ವಲ್ಪ ಹೊತ್ತಿಗೆ ಹೋಗುತ್ತೆ" ಎಂದರು.

ಆ ಸ್ವಲ್ಪ ಹೊತ್ತಿನಲ್ಲೇ ನನ್ನ ಮಗಳ ಮದುವೆ ಮುರಿಯುವುದರಲ್ಲಿತ್ತು.

ನಿಶ್ಚಯ ತಾಂಬೂಲಕ್ಕೆಂದು ಹೆಮ್ಮಿಗೆಯ ಗಂಡಿನವರು ನಂಜನಗೂಡಿನ ನಮ್ಮ ಮನೆಗೆ ಬಂದಿದ್ದರು. ದಮ್ಮು ಇರುವ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲವೆಂದು ಹೆದರಿ, ಕಾಯಿಲೆಯ ಸುದ್ದಿ ಎತ್ತಕೂಡದೆಂದು ಎಲ್ಲರಿಗೂ ತಾಕೀತು ಮಾಡಿದ್ದೆ. ಪೂಜೆಗೆ ಸಾಂಬ್ರಾಣಿ ಹಾಕಿದ್ದೇ ತಡ, ಉಸಿರು ಕಟ್ಟಿತು. ಹಿತ್ತಲಿಗೆ ಓಡಿ, ಬಚ್ಚಲುಮನೆಯ ಮರೆಯಲ್ಲಿ ಪಂಪು ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಟವೆಲಿನಿಂದ ಒರೆಸಿಕೊಳ್ಳುತ್ತ ಬಂದು ಕೂತೆ. ತಾಂಬೂಲದ ತಟ್ಟೆ ಎತ್ತಿದರೆ ಅಡಿಕೆಗಳು ಗಲಗಲ ಕುಣಿದು ನೆಲಕ್ಕೆ ಉರುಳಿದವು.

ಗಂಡಿನ ತಂದೆಯ ವಿಭೂತಿ ಹಚ್ಚಿದ ಹಣೆ ಗಂಟಿಕ್ಕಿತು. "ಏನ್ ಬೀಗ್ರೇ, ಇತ್ಲಿಗೋಗಿ ಬಂದ್ರಿ, ಬಾಯಿ ಒರಸ್ಕಂಡ್ರಿ, ಕೈ ನೋಡುದ್ರೆ ಇಂಗ್ ನಡುಗ್ತದೆ. ಕುಡಿಯೋರ ಮನೆಯಿಂದ ನಾವು ಎಣ್ಣು ತರಾಕಿಲ್ಲ ಕಣ್ರೀ" ಎಂದು ಎದ್ದೇಬಿಟ್ಟರು. ಜನ್ಮದಲ್ಲಿ ಹೆಂಡದ ವಾಸನೆ ನೋಡದ ನಾನು ಬಗ್ಗಿ, ಉರುಳಿದ ಅಡಿಕೆ ಆಯತೊಡಗಿದೆ.

ಒಳಗಿದ್ದ ಮಗಳು ನೆಟ್ಟಗೆ ಬಂದವಳೇ ನನ್ನ ಜೇಬಿನಿಂದ ಪಂಪು ತೆಗೆದು ಅವರ ಮುಂದೆ ಹಿಡಿದಳು. "ನಮ್ಮಪ್ಪಂಗೆ ಉಬ್ಬಸ. ಈ ಔಷಧಿ ತಗೊಂಡ್ರೆ ಕೈ ನಡುಗುತ್ತೆ. ಕಾಯಿಲೆ ಮನೆ ಅಂತ ಸಂಬಂಧ ಬಿಡೋದಾದ್ರೆ ಬಿಡಿ. ಕುಡುಕ ಅನ್ಬೇಡಿ."

ಬೀಗರು ಪಂಪು ಇಸಿದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು. ಕೋಪದ ಜಾಗದಲ್ಲಿ ಕುತೂಹಲ ಬಂದು ಕೂತಿತು.

"ಬತ್ತಕ್ಕೆ ಔಸ್ದಿ ಒಡಿಯೋ ಪಂಪು ಒತ್ತು ನನ್ ಬೆನ್ನೇ ಬಿದ್ದೋಯ್ತು. ಇಷ್ಟೇ ಇಷ್ಟಿರೋದು ಎಂಗ್ ಕೆಲ್ಸ ಮಾಡ್ತದೆ?"

ವಿವರಿಸಿದೆ. ಕೇಳಿದರು, ಎದ್ದು ಹೋಗಿ ಸಾಂಬ್ರಾಣಿಯ ಧೂಪವನ್ನು ತಾವೇ ಹೊರಗಿಟ್ಟು ಬಂದರು. ನಾನು ಮತ್ತೆ ತಟ್ಟೆ ಎತ್ತಿದಾಗ ಅದರ ಅಡಿಗೆ ತಮ್ಮ ಎರಡೂ ಕೈ ಕೊಟ್ಟರು. ಅಡಿಕೆ ಅಲುಗಲಿಲ್ಲ. ನನ್ನ ಕಣ್ಣು ತುಂಬಿತು. ಅದು ಔಷಧಿಯ ಅಡ್ಡಪರಿಣಾಮ ಅಲ್ಲ.

ಈಗ ಹೆಮ್ಮಿಗೆಗೆ ಹೋದರೆ ಕಾಫಿಗಿಂತ ಮೊದಲು "ಪಂಪು ತಂದಿದ್ದೀರಾ ಬೀಗ್ರೇ?" ಎಂಬ ಉಪಚಾರ. ಬೇಕಾದಾಗ ಜಗಲಿಯಲ್ಲಿ ಕೂತೇ ಎಳೆದುಕೊಳ್ಳುತ್ತೇನೆ. ಬಚ್ಚಲುಮನೆಯ ಮರೆಗಿಂತ ನಾಲ್ಕು ಜನರೆದುರು ತೆಗೆದುಕೊಂಡರೆ ಅದು ಬೇಗ ಕೆಲಸ ಮಾಡುತ್ತದೆಂದು ನನಗೆ ಅನ್ನಿಸಿದೆ. ಯಾಕಿರಬಹುದು? ಡಾಕ್ಟರನ್ನು ಕೇಳಬೇಕು.