ಲಂಗದ ಲಾಡಿ, ಹೊಟ್ಟೆಯ ಗಾಳಿ

ಮೊಮ್ಮಗಳ ಕಬಡ್ಡಿ ಫೈನಲ್ ಬೇಲಾಪುರದಲ್ಲಿ, ಸಂಜೆ ನಾಲ್ಕಕ್ಕೆ. ನನ್ನ ಹೊಟ್ಟೆ ಬೆಳಿಗ್ಗೆಯಿಂದಲೇ ನಗಾರಿಯಾಗಿತ್ತು. ಇದೇ ಗ್ಯಾಸಿನಿಂದ ಅವಳ ಎರಡು ಆಟ ತಪ್ಪಿಸಿಕೊಂಡಿದ್ದೆ.

ಮಗ ಅಂದ, "ಅವ್ವಾ, ನೀ ಮನ್ಯಾಗ ಇರು. ಕಳವಾ ಸ್ಟೇಷನದಾಗ ಲೋಕಲ್ ಗಾಡಿ ಹತ್ತೂದು ನಿನ್ನ ಕಡಿಂದ ಆಗೂದಿಲ್ಲ."

"ನಿನ್ನನ್ನ ಹೊಟ್ಟ್ಯಾಗ ಇಟಗೊಂಡ ಇದ ಗಾಡಿ ಹತ್ತೀನಿ. ಸುಮ್ಕಿರು."

ಮೊಮ್ಮಗಳು ಚಾಪೆ ಹಾಸಿದಳು. "ಆಯಿ, ಮಲಕೋ. ಕೋಚ್ ಕಲಿಸ್ಯಾರ. ಮೂಗಿನಿಂದ ಉಸಿರು ತಗೊಂಡು ಹೊಟ್ಟಿ ಉಬ್ಬಸು. ಆಮೇಲೆ ಸಾವಕಾಶ ಬಿಡು."

"ಉಬ್ಬಿದ್ದನ್ನ ಮತ್ತ ಉಬ್ಬಸಬೇಕಾ? ಒಡದ ಹೋದೀತು!"

ಆದರೂ ಮಾಡಿದೆ. ಹತ್ತು ಸಲ ಎಳೆದೆ. ಎದೆ ಏರಿತು, ಭುಜ ಏರಿತು, ಹೊಟ್ಟೆ ಮಾತ್ರ ಅಲ್ಲಾಡಲಿಲ್ಲ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟವಳೇ ಚೀರಿದಳು, "ಅರೆ ಆಯಿ, ಯೇ ಕ್ಯಾ? ಲಾಡಿ ಎಷ್ಟ ಬಿಗದೀ!"

ಬಿಗಿಯದೆ ಏನು ಮಾಡಲಿ? ಎಷ್ಟೋ ವರ್ಷ ಕಳವಾ ಸ್ಟೇಷನ್ನಿಂದ ಲೋಕಲ್ ರೈಲು ಹತ್ತಿ ಠಾಣೆ ಊರಿಗೆ ಕೆಲಸಕ್ಕೆ ಹೋದವಳು. ಲೇಡೀಸ್ ಡಬ್ಬಿಯ ಗದ್ದಲದಲ್ಲಿ ಇಳಿಯುವಾಗ ನಾನು ಇಳಿದು ಸೀರೆ ಗಾಡಿಯಲ್ಲೇ ಉಳಿದರೆ? ಅದಕ್ಕೇ ದಿನಾ ಉಸಿರು ಒಳಗೆಳೆದುಕೊಂಡು, ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟುತ್ತಿದ್ದೆ. ಕೆಲಸ ಬಿಟ್ಟೆ, ಬಿಗಿಯೋದು ಬಿಡಲಿಲ್ಲ. ಸೊಂಟದ ಸುತ್ತ ಕರಿ ಗೆರೆ ಬಿದ್ದಿದೆ.

ಲಾಡಿ ಸಡಿಲ ಮಾಡಿ ಮತ್ತೆ ಉಸಿರೆಳೆದೆ. ಅಬ್ಬಾ! ಗಾಳಿ ಕೆಳಗಿನ ತನಕ ಇಳಿಯಿತು. ಹೊಟ್ಟೆ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಏಳೋದು, ಕೂಡೋದು. ಉಸಿರು ಬಿಡುವಾಗ ಮೊಮ್ಮಗಳು ನನ್ನ ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿದಳು. ಏಳೆಂಟು ಸಲ ಆಗಿರಬೇಕು. ಒಂದು ದೊಡ್ಡ ಸದ್ದು. ನಮ್ಮದು ಒಂದೇ ರೂಮು, ಮಗನೂ ಕೇಳಿದ.

"ಔಟ್!" ಅಂತ ಮೊಮ್ಮಗಳು ಚಪ್ಪಾಳೆ ಹೊಡೆದಳು. ಅದರ ಹಿಂದೆ ಇನ್ನೂ ಎರಡು. ಹೊಟ್ಟೆ ಹಗುರಾಯಿತು. ಎದ್ದು ಚಪ್ಪಲಿ ಹುಡುಕಿದೆ.

"ಲಾಡಿ ಸಡಿಲ ಅದ, ಸೀರಿ ಹೆಂಗ?" ಅಂದ ಮಗ. ನಾಲ್ಕು ಪಿನ್ನು ಚುಚ್ಚಿಕೊಂಡೆ. ಠಾಣೆ ಸ್ಟೇಷನ್ನಿನಲ್ಲಿ ಇಳಿದು, ಬೇಲಾಪುರದ ಮೇಲೆ ಹೋಗುವ ಪನ್ವೇಲ್ ಗಾಡಿ ಹಿಡಿದೆವು. ಸೀರೆ ನನ್ನ ಜೊತೆಗೇ ಇಳಿಯಿತು.

ಮೈದಾನದಲ್ಲಿ ಅವಳು "ಕಬಡ್ಡಿ ಕಬಡ್ಡಿ" ಅಂತ ಎದುರಿನವರ ಅಂಗಳಕ್ಕೆ ನುಗ್ಗಿದಾಗ ನಾನೂ ಉಸಿರು ಹಿಡಿದೆ. ಇಬ್ಬರನ್ನು ಮುಟ್ಟಿ, ಮೂರನೆಯವಳ ಕೈಯಿಂದ ಕಾಲು ಕಿತ್ತುಕೊಂಡು ಗೆರೆ ಮುಟ್ಟಿದಳು. ನಾನು ಎದ್ದು ನಿಂತು ಕೂಗಿದ ಕೂಗಿಗೆ ಎರಡು ಪಿನ್ನು ಹಾರಿದವು. ಸೀರೆ ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೂ ಜೋರಾಗಿ ಕೂಗಿದೆ.

ಕೊನೆಗೆ ಸೋತರು. ಸೋಲಲಿ. ಈ ಸಲದ ಆಟ ನಾನು ಕಣ್ಣಾರೆ ನೋಡಿದೆ.