ಕಡಲು, ಹಿಪ್ಪುನೇರಳೆ ಮತ್ತು ಹತ್ತು ನಿಮಿಷ

ಕೊಲ್ಲಿ ದೇಶದ ಮಾಹೂಝ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನವಳು ವಿಯೆಟ್ನಾಮಿನಾಕೆ. ಇಬ್ಬರಿಗೂ ಒಂದೇ ಹೋಟೆಲಿನಲ್ಲಿ ಕೆಲಸ: ನನಗೆ ರಿಸೆಪ್ಶನ್, ಅವಳಿಗೆ ಸ್ಪಾ. ಊರಲ್ಲಿದ್ದಾಗ ಅವಳು ಹೈಸ್ಕೂಲಿನಲ್ಲಿ ಸಾಹಿತ್ಯ ಕಲಿಸುತ್ತಿದ್ದಳಂತೆ.

ಒಂದು ಮಧ್ಯಾಹ್ನ ಹೋಟೆಲಿನ ಹಿಂಬದಿಯ ಕಿಟಕಿ ತೋರಿಸಿ, "ನಾನು ಬಂದ ವರ್ಷ ಇಲ್ಲಿ ಸಮುದ್ರ ಇತ್ತು, ಈಗ ನೋಡು, ಪಾರ್ಕಿಂಗ್" ಎಂದೆ.

"ಬೇ ಝವ್" ಎಂದಳು ಥಟ್ಟನೆ. ಅಂದರೆ ಕಡಲು, ಹಿಪ್ಪುನೇರಳೆ. ಚೀನಾದ ಪುರಾಣದಲ್ಲಿ ಸಾವಿಲ್ಲದ ಹೆಣ್ಣೊಬ್ಬಳಿದ್ದಾಳೆ. ಕಡಲು ಮೂರು ಸಲ ಹಿಪ್ಪುನೇರಳೆ ತೋಟವಾದದ್ದನ್ನು ಕಂಡವಳು. ಆ ಇಡೀ ಕತೆಯನ್ನು ವಿಯೆಟ್ನಾಮಿನ ಹಳೆಯ ಕವಿಗಳು ಎರಡು ಪುಟ್ಟ ಪದಗಳಲ್ಲಿ ಮಡಚಿಟ್ಟಿದ್ದಾರೆ. ಬದುಕು ತಲೆಕೆಳಗಾಯಿತು ಅನ್ನಲು ಅಷ್ಟೇ ಸಾಕು. ನಾವು ತ್ರಿಶಂಕು ಅಂದುಬಿಡುತ್ತೇವಲ್ಲ, ಹಾಗೆ.

ಇಲ್ಲಿನ ಕನ್ನಡಿಗರ ಕೂಟದಲ್ಲಿ ಈ ಬಗ್ಗೆ ಮಾತಾಡುತ್ತೇನೆಂದು ಹೆಸರು ಕೊಟ್ಟೆ. ಕಾರ್ಯದರ್ಶಿ ಫೋನ್ ಮಾಡಿದರು.

"ಕತೆ ಚೀನಾದ್ದು, ಪದ ವಿಯೆಟ್ನಾಮಿನದ್ದು, ನಿಮ್ಮ ಮನೆಮಾತು ಕೊಂಕಣಿ. ಇದರಲ್ಲಿ ಕನ್ನಡ ಎಲ್ಲುಂಟು ಮಾರಾಯ್ರೆ? ಒಂದು ಭಾವಗೀತೆ ಹಾಡಿ, ಸಾಕು."

"ನನ್ನ ಬಾಯಲ್ಲುಂಟು" ಎಂದೆ. "ಹಾಡುವುದಿಲ್ಲ, ಮಾತಾಡುತ್ತೇನೆ."

ಹತ್ತು ನಿಮಿಷ ಕೊಟ್ಟರು. ಗೆಳತಿಯನ್ನೂ ವೇದಿಕೆಗೆ ಕರೆದುಕೊಂಡು ಹೋದೆ. ಅವಳ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಮುಂದಿನ ಸಾಲಿನ ಒಬ್ಬರು ಎದ್ದು, "ಅಂದರೆ ಎಲ್ಲ ಎರವಲು ತಂದದ್ದು ಅಂತಾಯ್ತು" ಎಂದರು. ಅದನ್ನು ಹೇಳಲು ನನಗೆ ನಾಚಿಕೆಯಾಯಿತು. ಆದರೂ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದೆ.

ಅವಳು ನಗಲಿಲ್ಲ. "ಚೀನಾದ ಚಂದ್ರದೇವಿಯನ್ನು ನಾವು ಅಕ್ಕ ಅಂತ ಕರೆಯುತ್ತೇವೆ. ಅವರಲ್ಲಿ ಅವಳು ದೇವತೆ, ನಮ್ಮಲ್ಲಿ ಅಕ್ಕ. ಅಕ್ಕನನ್ನು ಯಾರಾದರೂ ಎರವಲು ತರುತ್ತಾರಾ?"

ಅಷ್ಟರಲ್ಲಿ ಕಾರ್ಯದರ್ಶಿ ಮೈಕ್ ಆಫ್ ಮಾಡಿಸಿದರು. ಹತ್ತು ನಿಮಿಷ ಮುಗಿದಿತ್ತಂತೆ. ನಾನು ಕೆಳಗಿಳಿಯಲಿಲ್ಲ. ದನಿ ಎತ್ತರಿಸಿ ಅವಳ ಮಾತನ್ನು ಕನ್ನಡದಲ್ಲಿ ಹೇಳಿದೆ, ಹಿಂದಿನ ಸಾಲಿಗೂ ಕೇಳುವಂತೆ. ಕೆಲವರು ಊಟಕ್ಕೆ ಎದ್ದುಹೋದರು. ಪಕ್ಕದ ಬಡಾವಣೆ ಜಿಂಜ್‌ನಿಂದ ಬಂದಿದ್ದ ನರ್ಸ್ ಒಬ್ಬಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತಳು. "ಇನ್ನೊಂದು ಪದ ಹೇಳಿ" ಎಂದಳು.

ಈಗ ಶುಕ್ರವಾರ ಸಂಜೆ ನನ್ನ ಫ್ಲ್ಯಾಟಿನಲ್ಲಿ ಏಳೆಂಟು ಹೆಂಗಸರು ಸೇರಿ ಅವರವರ ಭಾಷೆಯ ಇಂಥ ಪದಗಳ ಕತೆ ಹೇಳಿಕೊಳ್ಳುತ್ತೇವೆ. ತುಳುವಿನವರು, ಬ್ಯಾರಿಯವರು, ನಾನು, ಅವಳು. ಕಳೆದ ತಿಂಗಳು ಕಾರ್ಯದರ್ಶಿ ಮತ್ತೆ ಫೋನ್ ಮಾಡಿ, ಇದನ್ನು ಕೂಟದ ಹೆಸರಿನಲ್ಲೇ ನಡೆಸಬಹುದಲ್ಲ ಎಂದರು.

"ಬೇಡ" ಎಂದೆ. "ನೀವು ಬನ್ನಿ. ಕೂತು ಕೇಳಿ."