ಅಕ್ಕನನ್ನು ಮಲಗಿಸಿದ್ದರು

ಪುಣೆಯ ನಾನಾ ಪೇಟೆ ಎಂಬ ಬಡಾವಣೆಯ ಹಳೆಯ ವಾಡೆಗಳು ಮುಗಿದು ದಂಡಿನ ಕ್ಯಾಂಪಿನ ಕಡೆಗೆ ರಸ್ತೆ ಅಗಲವಾಗುವಲ್ಲಿ ಒಂದು ಗುಮ್ಮಟದ ಚರ್ಚು ಇತ್ತು. ಚೂಪು ಗೋಪುರವಿಲ್ಲದ್ದರಿಂದ ಪುಣೆಗೆ ಹೊಸದಾಗಿ ಬಂದವರು ಅದನ್ನು ದರ್ಗಾ ಎಂದುಕೊಳ್ಳುತ್ತಿದ್ದರು. ಇಟ್ಟಿಗೆಯ ದಪ್ಪ ಗೋಡೆ, ದುಂಡು ಕಮಾನು, ಮೇಲೆ ಬೋರಲು ಹಾಕಿದ ಕೊಪ್ಪರಿಗೆಯಂಥ ಗುಮ್ಮಟ. ಇಂಥದ್ದನ್ನು ಬೈಜಾಂಟಿಯನ್ ರೀತಿಯ ಕಟ್ಟಡ ಎನ್ನುತ್ತಾರೆ, ಕಾನ್‌ಸ್ಟಾಂಟಿನೋಪಲ್ ಕಡೆಯದು. ನನಗದು ಗೊತ್ತಿತ್ತು, ಯಾಕೆಂದರೆ ನಾನು ಇತಿಹಾಸ ತೆಗೆದುಕೊಂಡು ಬಿ.ಎ. ಪಾಸಾದವನು. ಧಾರವಾಡ ಸೀಮೆಯ ನಮ್ಮೂರಿನ ಗಾಣಿಗರ ಓಣಿಯಲ್ಲಿ ನನಗಿಂತ ಮೊದಲು ಯಾರೂ ಮೆಟ್ರಿಕ್ ಕೂಡ ಮುಟ್ಟಿರಲಿಲ್ಲ. ಇದನ್ನು ನಾನು ಯಾರ ಎದುರಿಗೂ ಮೆತ್ತಗೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಆ ಚರ್ಚಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವಳು ಅಕ್ಕ. ಅವಳು ಅಲ್ಲೇ ಹತ್ತಿರದ ಮಿಶನ್ ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ಊರಿಂದ ಪುಣೆಗೆ ಕರೆಸಿ ಕಾಲೇಜಿಗೆ ಹಾಕಿದವಳೂ ಅವಳೇ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದು ಸಂಜೆ, "ಬಾ, ನಿನ್ನ ಪುಸ್ತಕದಾಗಿಂದು ಖರೇನ ಹೆಂಗಿರ್ತೈತಿ ತೋರಸ್ತೀನಿ" ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಎದುರಿನ ಗೋಡೆಯ ಮೇಲ್ಭಾಗ ಬಂಗಾರದಂತೆ ಮಿನುಗಿತು. ಸಣ್ಣ ಸಣ್ಣ ಹೊನ್ನಿನ ಬಣ್ಣದ ಹರಳು ಕೂಡಿಸಿ ಮಾಡಿದ ಯೇಸುವಿನ ದೊಡ್ಡ ಮುಖ. ನಾನು ಸುಮ್ಮನಿರಲಿಲ್ಲ. ಗುಮ್ಮಟದ ಭಾರವನ್ನು ಕಮಾನು ಹೇಗೆ ಹೊರುತ್ತದೆ, ಕಾನ್‌ಸ್ಟಾಂಟಿನೋಪಲ್ಲನ್ನು ತುರ್ಕರು ಹೇಗೆ ಗೆದ್ದರು ಎಂದೆಲ್ಲ ಹೇಳತೊಡಗಿದೆ.

"ಮಾಸ್ತರ, ಸಾಕ್ರಿ ಪಾಠ" ಎಂದಳು ಅಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ಸುಮ್ಮನ ಕೂಡ್ರಿ ಒಂದೀಟು. ಇಲ್ಲಿ ಪರೀಕ್ಷಾ ಇಲ್ಲ."

ಎರಡನೆಯ ಸಲ ಆ ಚರ್ಚಿಗೆ ಹೋದದ್ದು ಅವ್ವನ ಜೊತೆ. ಅದನ್ನು ಬರೆಯಲೆಂದೇ ಇಷ್ಟು ಬರೆದೆ.

ಅಕ್ಕನ ಗಂಡ ಮದುವೆಯಾಗಿ ಸ್ವಲ್ಪ ದಿನಕ್ಕೇ ಪ್ಲೇಗಿನಲ್ಲಿ ಹೋಗಿದ್ದ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಇನ್ನೊಂದು ಮನೆಗೆ ಕೊಡುವ ರೂಢಿ ಉಂಟು. ಅಪ್ಪ ಒಬ್ಬನನ್ನು ಗೊತ್ತು ಮಾಡಿದ. ಅಕ್ಕ ಒಲ್ಲೆ ಎಂದಳು. ಅಪ್ಪ ಬೈದ, ಹೊಡೆದ, ಅನ್ನ ನಿಲ್ಲಿಸಿದ. ಅವಳು ಒಲ್ಲೆ ಎಂದದ್ದು ಒಲ್ಲೆಯೇ ಆಯಿತು. ಹಿಂದೊಮ್ಮೆ ತನ್ನ ಕಣ್ಣುಬೇನೆಗೆ ಔಷಧ ಮಾಡಿದ್ದ ಧಾರವಾಡ ಕಡೆಯ ಮಿಶನ್ ಆಸ್ಪತ್ರೆಗೆ ತಾನೇ ನಡೆದುಹೋಗಿ ಕೆಲಸ ಕಲಿತಳು, ಅಲ್ಲಿಂದ ಪುಣೆಯ ಆಸ್ಪತ್ರೆಗೆ ಹೋದಳು. ವರ್ಷಗಳು ಕಳೆದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರಿಸ್ತರ ಮತಕ್ಕೆ ಸೇರಿದಳು.

ನಾವು ಲಿಂಗವಂತರು. ಮಗು ಹುಟ್ಟಿದೊಡನೆ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಬದುಕಿರುವ ತನಕ ಮೈಮೇಲಿರಬೇಕು. ಸತ್ತಾಗ ಸುಡುವುದಿಲ್ಲ, ಹೂಳುತ್ತೇವೆ. ಮಣ್ಣಿನಲ್ಲಿ ಕೂಡಿಸಿ, ಪೂಜೆಗೆ ಕೂತ ಹಾಗೆ, ಎಡ ಅಂಗೈಯಲ್ಲಿ ಅದೇ ಲಿಂಗವನ್ನಿಟ್ಟು ಮಣ್ಣು ಮಾಡುತ್ತೇವೆ. ದೀಕ್ಷಾಸ್ನಾನಕ್ಕೆ ಮೊದಲು ಅಕ್ಕ ಊರಿಗೆ ಬಂದಳು. ಅಪ್ಪ ಗಾಣದ ಮನೆಯಿಂದ ಹೊರಗೆ ಬರಲೇ ಇಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಅವಳು ಕೊರಳಿನ ಲಿಂಗ ಬಿಚ್ಚಿ ಅವ್ವನ ಕೈಯಲ್ಲಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

"ಇದನ್ನ ಕಂಡಕಂಡಲ್ಲಿ ಚೆಲ್ಲಾಕಿ ಅಲ್ಲ ನಾ" ಎಂದಳು. "ಹಂಗಂತ ಕೊರಳಾಗ ಇಟಗೊಂಡು ಸುಳ್ಳು ಬದುಕಾಕಿನೂ ಅಲ್ಲ. ನಿನ್ನ ಹತ್ರ ಇರಲಿ ಅವ್ವಾ."

ಅವ್ವ ಅದನ್ನು ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟಳು. ಬೆಳಿಗ್ಗೆ ತನ್ನ ಪೂಜೆ ಮುಗಿಸಿ ಮಗಳ ಲಿಂಗವನ್ನೂ ಅಂಗೈಯಲ್ಲಿಟ್ಟುಕೊಂಡು ವಿಭೂತಿ, ಪತ್ರಿ ಏರಿಸುವಳು. ಅಪ್ಪ ನೋಡಿಯೂ ನೋಡದಂತೆ ಇದ್ದ; ಒಂದು ದಿನ ತೀರಿಕೊಂಡ. ಅಯ್ಯನವರು ಮಾತ್ರ ಅವ್ವನಿಗೆ ಆಗಾಗ ಹೇಳುತ್ತಿದ್ದರು: "ಆಕಿ ಸತ್ತಾಗ ಇದು ಆಕಿ ಕೈಯಾಗ ಹೋಗಬೇಕವಾ. ಇಲ್ಲಾಂದ್ರ ಆಕಿಗೆ ಬಿಡುಗಡಿ ಇಲ್ಲ."

ಅವ್ವನಿಗೆ ಒಂದು ಸಮಾಧಾನವಿತ್ತು. ಓಣಿಯ ಹೆಂಗಸರು ಮಗಳ ವಿಷಯ ಎತ್ತಿ ಚುಚ್ಚಿದರೆ ಅವಳ ಉತ್ತರ ಒಂದೇ: "ಆತು, ಕುಲ ಬಿಟ್ಳು. ಆದ್ರ ಸುಡೋ ಮಂದಿಗೇನು ಸೇರಿಲ್ಲ ನನ್ನ ಮಗಳು. ಅವರೂ ನಮ್ಮಂಗ ಹೂಳೋ ಮಂದಿ." ಕ್ರಿಸ್ತರು ಹೂಳುತ್ತಾರೆಂದು ಅವಳಿಗೆ ಹೇಳಿದವನು ನಾನೇ; ಆದರೆ ಹೂಳುವುದೆಂದರೆ ಕೂಡಿಸಿ ಹೂಳುವುದು ಎಂದೇ ಅವ್ವ ತಿಳಿದಿದ್ದಳು. ಬೇರೆ ರೀತಿಯೂ ಇದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮೂರಿನಲ್ಲಿ ಕ್ರಿಸ್ತರ ಮನೆ ಒಂದೂ ಇರಲಿಲ್ಲ. ಮುಸಲ್ಮಾನರ ಮಣ್ಣಿಗೆ ಹೆಂಗಸರು ಹೋಗುವುದಿಲ್ಲ.

ಮಹಾಯುದ್ಧ ನಡೆದಿದ್ದ ವರ್ಷಗಳು. ನಾನು ಕ್ಯಾಂಪಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ವಾರ್ಡಿನಲ್ಲಿ ರೋಗಿಗಳ ಸೇವೆ ಮಾಡುತ್ತ ಮಾಡುತ್ತ ಅಕ್ಕನಿಗೂ ವಿಷಮಜ್ವರ ಹತ್ತಿತು. ಊರಿಗೆ ತಾರು ಮಾಡಿದೆ. ಮಿರಜದ ಮೇಲೆ ಬರುವ ಗಾಡಿಗಳ ತುಂಬ ಸಿಪಾಯಿಗಳು. ಅವ್ವನಿಗೆ ಜಾಗ ಸಿಕ್ಕು ಪುಣೆ ಮುಟ್ಟುವ ಹೊತ್ತಿಗೆ ಅಕ್ಕ ಹಿಂದಿನ ದಿನವೇ ಹೋಗಿದ್ದಳು. ದೇಹವನ್ನು ಚರ್ಚಿಗೆ ತಂದು ಇಟ್ಟಿದ್ದರು.

ಸ್ಟೇಶನ್ನಿನಲ್ಲಿ ಹೇಳಿದೆ. ಅವ್ವ ಅಲ್ಲೇ ಗಂಟಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ತಲೆಯೆತ್ತಿ ಕೇಳಿದಳು.

"ಮಣ್ಣು ಆತೇನು?"

"ಇನ್ನೂ ಇಲ್ಲ."

"ಹಂಗಾರ ಏಳು. ಟಾಂಗಾ ಹಿಡಿ." ಎದೆಯ ಹತ್ತಿರ ಸೆರಗಿನೊಳಗೆ ಕೈಯಿಟ್ಟು ತೋರಿಸಿದಳು. "ತಂದೀನಿ."

ಟಾಂಗಾದಲ್ಲಿ ದಾರಿಯುದ್ದಕ್ಕೂ ಅವಳಿಗೆ ಅದೇ ಚಿಂತೆ. ಪಾದ್ರಿ ಒಪ್ಪುತ್ತಾನೋ ಇಲ್ಲವೋ. ನಾನು ಇಂಗ್ಲೀಷಿನಲ್ಲಿ ಹೇಳಬೇಕಂತೆ, ಇಂಗ್ಲೀಷಿನಲ್ಲಿ ಹೇಳಿದರೆ ಇಲ್ಲ ಎನ್ನುವುದಿಲ್ಲವಂತೆ. ಪಾದ್ರಿ ಮರಾಠಿಯವರೇ ಎಂದೆ. "ಮರಾಠಿಯಾವ್ರಾದ್ರೂ ಇಂಗ್ಲೀಷಿನ್ಯಾಗ ಹೇಳು. ಎದಕ ಕಲ್ತಿ ಮತ್ತ?" ಎಂದಳು.

ಚರ್ಚಿನ ಬಾಗಿಲಲ್ಲಿ ಅಕ್ಕನ ಜೊತೆಯ ಮುದುಕಿ ನರ್ಸು ನಿಂತಿದ್ದಳು. ಆಸ್ಪತ್ರೆಯವರೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದರು. ಅವ್ವನನ್ನು ಕಂಡವಳೇ ಯಾರೆಂದು ಕೇಳದೆ ತಬ್ಬಿಕೊಂಡಳು. ಅವ್ವ ಮೈ ಬಿಗಿ ಹಿಡಿದು ನಿಂತಿದ್ದಳು, ಆಮೇಲೆ ಸಡಿಲವಾದಳು.

ಒಳಗೆ ಬಂದ ಅವ್ವನ ಕಣ್ಣಿಗೆ ಮೊದಲು ಬಿದ್ದದ್ದು ಬಂಗಾರದ ಗೋಡೆಯ ಮೇಲಿನ ಆ ಮುಖ.

"ಕಣ್ಣು ನೋಡಲಾ" ಎಂದಳು ಮೆಲ್ಲಗೆ. "ನಮ್ಮ ವೀರಭದ್ರನ ಬೆಳ್ಳಿ ಕಣ್ಣ ಇದ್ದಂಗ ಅದಾವು." ಎರಡೂ ಕೈ ಎತ್ತಿ ಮುಗಿದಳು. ಎತ್ತಿದ ಕೈ ಇಳಿಸುವಾಗ ಕೆಳಗಿನ ಪೆಟ್ಟಿಗೆಯನ್ನು ಕಂಡಳು.

"ಪೆಟ್ಟಿಗಿ ಯಾಕ ಇಷ್ಟುದ್ದ?"

ಅವ್ವ ಹತ್ತಿರ ಹೋದಳು. ಅಕ್ಕ ಬಿಳಿ ಸೀರೆಯಲ್ಲಿ ಅಂಗಾತ ಮಲಗಿದ್ದಳು. ಜ್ವರ ಅವಳನ್ನು ಹಿಂಡಿ ಹಾಕಿತ್ತು. ಎರಡೂ ಕೈಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಕೂಡಿಸಿ, ನಡುವೆ ಒಂದು ಸಣ್ಣ ಕಟ್ಟಿಗೆಯ ಶಿಲುಬೆಯಿಟ್ಟು, ಜಾರದಂತೆ ಬಿಳಿ ದಾರದಿಂದ ಕಟ್ಟಿದ್ದರು.

"ಮಲಗಿಸ್ಯಾರ?"

"ಹೌದವ್ವ."

"ಮಣ್ಣಾಗೂ ಹಿಂಗ?"

"ಹಿಂಗ."

"ಹೂಳತಾರ ಅಂದಿದ್ದಿ."

"ಹೂಳೂದು ಖರೆ. ಮಲಗಿಸಿ ಹೂಳತಾರ."

"ಬಿ.ಎ. ಮಾಡಿದಿ. ಇದೊಂದು ನನಗ ಹೇಳಲಿಲ್ಲ."

"ನೀ ಕೇಳಲಿಲ್ಲವ್ವ."

"ಇದನ್ನೂ ಕೇಳಬೇಕಾಗ್ತೈತಿ ಅಂತ ಯಾರಿಗೆ ಗೊತ್ತಿತ್ತೋ?"

ಗದರಿದ್ದಲ್ಲ ಅದು. ನಿಜವಾಗಿಯೂ ನನ್ನನ್ನು ಕೇಳಿದ್ದಳು.

ಪಾದ್ರಿಗಳು ಬಂದರು. ಮರಾಠಿ ಸೀಮೆಯ ವಯಸ್ಸಾದ ಮನುಷ್ಯ, ತಲೆಯ ಕೂದಲೆಲ್ಲ ಬೆಳ್ಳಗೆ. ಅವ್ವ ಎದೆಯಿಂದ ಲಿಂಗ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದಳು. "ಹೇಳು" ಎಂದಳು ನನಗೆ. ನಾನು ಮರಾಠಿಯಲ್ಲೇ ಹೇಳಿದೆ. ಇದು ಅಕ್ಕನದು, ಹುಟ್ಟಿದ ದಿನ ಕಟ್ಟಿದ್ದು, ಕೂಡಿಸುವುದು ಆಗದಿದ್ದರೆ ಬೇಡ, ಇದನ್ನೊಂದು ಅವಳ ಕೈಯಲ್ಲಿಟ್ಟು ಮಣ್ಣು ಮಾಡಬೇಕು. ಇಲ್ಲದಿದ್ದರೆ ಅವಳಿಗೆ ಬಿಡುಗಡೆ ಇಲ್ಲ ಎಂದು ನಮ್ಮ ಅವ್ವನ ನಂಬಿಕೆ. ನಂಬಿಕೆ ಎಂಬ ಮಾತು ಬಂದಾಗ ಪಾದ್ರಿಗಳು ನನ್ನನ್ನು ಬಿಟ್ಟು ಅವ್ವನ ಮುಖ ನೋಡಿದರು.

ಹೇಳಿದರು: "ಇದನ್ನು ಬಿಟ್ಟು ಬಂದ ದಿನ ಅವಳು ಎಷ್ಟು ಅತ್ತಳೆಂದು ನನಗೆ ಗೊತ್ತು. ಬಿಡು ಅಂತ ನಾನು ಹೇಳಿರಲಿಲ್ಲ, ತಾನೇ ಬಿಟ್ಟಳು. ಅವಳು ಬಿಟ್ಟದ್ದನ್ನು ಅವಳ ಕೈಗೆ ನಾನು ಕೊಡಲಾರೆ. ಆದರೆ ತಾಯಿಯ ಕೈ ತಡೆಯುವವನೂ ನಾನಲ್ಲ. ನಾನು ಹೊರಗೆ ನಿಂತಿರುತ್ತೇನೆ. ನಿನ್ನ ಮಗಳನ್ನು ನೀನೇ ಕೇಳು ಅಂತ ಹೇಳಪ್ಪಾ ಅವರಿಗೆ."

ಹೇಳಿದೆ. ಅವರು ಹೊರಗೆ ಹೋದರು. ನಾನು, ಅವ್ವ, ಮಾವಶಿ ಉಳಿದೆವು. ಮಾವಶಿ ಸೊಂಟದಿಂದ ಕತ್ತರಿ ತೆಗೆದು ನನ್ನನ್ನು ಕೇಳಿದಳು. "ದಾರ ನಾನೇ ಕಟ್ಟಿದ್ದು. ಕತ್ತರಿಸಲೇನು? ಬೆರಳು ಬಿಡಿಸುವುದು ಕಷ್ಟವಾದೀತು, ಆದರೂ ಆಗುತ್ತದೆ."

ಅವ್ವನಿಗೆ ಕತ್ತರಿ ಕಂಡೇ ತಿಳಿಯಿತು. ಬ್ಯಾಡ ಎಂದು ಕೈ ಆಡಿಸಿದಳು, ತಾನೇ ಅಕ್ಕನ ಕೈ ಮುಟ್ಟಿದಳು. ಮೇಲಿನ ಬೆರಳೊಂದನ್ನು ಸ್ವಲ್ಪ ಎತ್ತಿ ನೋಡಿದಳು. ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಳು. ಹೊರಗೆ ಟಾಂಗಾದವನು ಯಾರ ಮೇಲೋ ಕೂಗಾಡುತ್ತಿದ್ದದ್ದು ನೆನಪಿದೆ. ಅವ್ವ ಇಡುತ್ತಾಳೆ, ಈಗ ಇಡುತ್ತಾಳೆ ಎಂದು ನಾನು ಕಾದೆ. ಇಡಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಕಲಿತವನಾದ ನನಗೆ ಬಿಡುಗಡೆಯ ಮಾತಿನಲ್ಲಿ ಅಂಥ ವಿಶ್ವಾಸವೇನೂ ಇರಲಿಲ್ಲ. ಅವ್ವ ನಿಶ್ಚಿಂತಳಾಗಿ ಊರಿಗೆ ಹೋಗಲಿ ಎಂಬುದೊಂದೇ ಆಸೆ.

"ಹುಟ್ಟಿದಾಗ ಕಟ್ಟಿದ್ವಿ" ಎಂದಳು ಅವ್ವ, ನನಗಲ್ಲ, ಅಕ್ಕನಿಗೆ. "ಆವಾಗ ನಿನಗ ಏನೂ ತಿಳೀತಿರಲಿಲ್ಲ. ತಿಳದ ಮ್ಯಾಲ ಬಿಚ್ಚಿ ನನ್ನ ಕೈಯಾಗ ಕೊಟ್ಟಿ. ಎಚ್ಚರ ಇದ್ದು ಕೊಟ್ಟು ಹೋದಾಕಿಗೆ ಎಚ್ಚರ ಇಲ್ಲದಾಗ ಹೆಂಗ ಕಟ್ಟಲೇ ಯವ್ವಾ?"

ಬೆರಳನ್ನು ಮೊದಲಿದ್ದಂತೆಯೇ ಇಟ್ಟಳು. ಲಿಂಗವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಆಮೇಲೆ ಮಾವಶಿಯ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ಅಂಗಾತ ಮಲಗಿದ್ರ ಇಕಿಗೆ ನಿದ್ದಿ ಹತ್ತೂದಿಲ್ರಿ. ಸಣ್ಣಾಕಿದ್ದಾಗಿಂದ ಮಗ್ಗಲಾಗಿ ಮಲಗಾಕಿ."

ನಾನು ಮರಾಠಿಯಲ್ಲಿ ಹೇಳಿದೆ. ಮಾವಶಿ ಒಂದು ಬಟ್ಟೆ ಮಡಚಿ ತಲೆದಿಂಬಿನ ಕೆಳಗೆ ಒಂದು ಬದಿಗೆ ತುರುಕಿ, ಅಕ್ಕನ ಮುಖವನ್ನು ಸ್ವಲ್ಪ ವಾಲಿಸಿದಳು. ಹೆಚ್ಚು ವಾಲಲಿಲ್ಲ. ಅವ್ವ "ಸಾಕ್ರಿ" ಎಂದಳು.

ಪ್ರಾರ್ಥನೆ ಮರಾಠಿಯಲ್ಲಿ ನಡೆಯಿತು. ಅವ್ವ ಕಂಬದ ಬುಡದಲ್ಲಿ ನೆಲದ ಮೇಲೆ ಕೂತು ಪೂರ್ತಿ ಕೇಳಿದಳು. ಮಣ್ಣಿನ ಹತ್ತಿರವೂ ಬಂದಳು. ಎಲ್ಲರೂ ಹಿಡಿ ಮಣ್ಣು ಹಾಕಿದಾಗ ತಾನೂ ಹಾಕಿದಳು. ಕುಣಿ ನಮ್ಮದರಂತೆ ಇರಲಿಲ್ಲ, ಉದ್ದಕ್ಕೆ ತೋಡಿದ್ದು. ಬಗ್ಗಿ ಅದರ ಎರಡೂ ತುದಿಯನ್ನು ನೋಡಿದಳು.

ನನ್ನ ಖೋಲಿಯಲ್ಲಿ ಸ್ವಲ್ಪ ದಿನ ಇದ್ದಳು. ಉಳಿದುಬಿಡು ಎಂದೆ. ಒಲ್ಲೆ ಎಂದಳು. ಗಾಡಿ ಹತ್ತಿಸುವಾಗ ಸೆರಗಿನ ಗಂಟು ಬಿಚ್ಚಿ ಲಿಂಗವನ್ನು ನನ್ನ ಕೈಯಲ್ಲಿಟ್ಟಳು.

"ಇದು ನಿನ್ನ ಹತ್ರ ಇರಲಿ."

"ಜಗಲಿ ಮ್ಯಾಲ ಇಡೂದಿಲ್ಲೇನು?"

"ಹೆಂಗ ಇಡ್ಲಿ? ಊರಾಗ ಕೇಳತಾರ. ಅಯ್ಯನವರೂ ಕೇಳತಾರ. ಕೈಯಾಗ ಇಟ್ಟು ಮಣ್ಣು ಮಾಡಿ ಬಂದೆ ಅಂತೀನಿ. ಲಿಂಗ ಇಲ್ಲದ ಹೆಣ ಅಂತ ನನ್ನ ಮಗಳಿಗೆ ಒಬ್ಬರೂ ಅನಬಾರದು." ಕಿಟಕಿಯ ಸರಳು ಹಿಡಿದು ಮತ್ತೆ ಹೇಳಿದಳು: "ನೀನೂ ಹಂಗ ಅನ್ನು. ಓದಿದಾವ ಅಂತ ಖರೆ ಹೇಳಾಕ ಹೋಗಬ್ಯಾಡ."

ದಿನಾ ಬೆಳಿಗ್ಗೆ ಮಗಳನ್ನು ಮುಟ್ಟಿದಂತೆ ಮುಟ್ಟುತ್ತಿದ್ದ ಒಂದೇ ವಸ್ತು ಅದು. ಮಗಳ ಹೆಸರು ಉಳಿಸಲು ಅದನ್ನು ಬಿಟ್ಟು ಹೋದಳು.

ಯುದ್ಧ ಮುಗಿದ ಮೇಲೆ ಅವ್ವ ಊರಿನಲ್ಲೇ ತೀರಿಕೊಂಡಳು. ನಾನು ಹೋದೆ. ನಮ್ಮ ರೀತಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಅವಳ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಿದೆವು. ಕೈಕಾಲು ತೊಳೆದುಕೊಳ್ಳುವಾಗ ಅಯ್ಯನವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಜಾತಿ ಬಿಟ್ರೂ ಮಗಳ ಕೈಯಾಗ ಕೊನಿಗೆ ಲಿಂಗ ಇಟ್ಟ ಬಂದಳು, ಗಟ್ಟಿ ಹೆಣ್ಣಮಗಳು ನಿಮ್ಮವ್ವ. ತಾಯಿಗೂ ಬಿಡುಗಡಿ ಆತು, ಮಗಳಿಗೂ ಆತು. ಅಲ್ಲೇನೋ?"

"ಹೌದ್ರಿ" ಎಂದೆ.